ಮಾಳಿಗೆ ಮೇಲಿನ ಆಂಟೆನಾ, ಬೆಳಕಿನ ಆಂಟೆನಾ (ಭಾಗ 4)

ಸಿರಿಗೆರೆಯ ಹಳೇ ಮನೆಗಳ ಮಾಳಿಗೆ ಕಡೆ ಒಮ್ಮೆ ಕಣ್ಣಾಡಿಸಿ. ಮೀನಿನ ಮುಳ್ಳಿನ ಥರದ ಆಂಟೆನಾ ಎಲ್ಲಾದ್ರೂ ಒಂದು ಉಳಿದಿರಬಹುದು. ದೂರದರ್ಶನದ ಕಾಲದ್ದು. ಅದರ ಹೆಸರು ಯಾಗಿ-ಉಡಾ, 1926ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು.

2010ರಲ್ಲಿ ಬಾರ್ಸಿಲೋನಾದ ಸಂಶೋಧಕರು ಅದನ್ನೇ ಚಿನ್ನದಲ್ಲಿ ಮಾಡಿದರು. ಐದೇ ಕಡ್ಡಿ. ಇಡೀ ಆಂಟೆನಾ ಒಂದು ಮೈಕ್ರಾನ್‌ಗಿಂತ ಚಿಕ್ಕದು, ಕೂದಲಿನ ಅಗಲದಲ್ಲಿ ಹತ್ತಾರು ಹಿಡಿಸುತ್ತವೆ! ಒಂದು ಕಡ್ಡಿಯ ತುದಿಗೆ ಕ್ವಾಂಟಮ್ ಡಾಟ್ ಕೂರಿಸಿದರು. ಎಲ್ಲ ಕಡೆ ಚೆಲ್ಲುತ್ತಿದ್ದ ಅದರ ಬೆಳಕು ಒಂದೇ ದಿಕ್ಕಿಗೆ ಹೊರಟಿತು.

ಕ್ವಾಂಟಮ್ ಡಾಟ್ ಅಂದ್ರೆ ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕದ ಕಣ. ಚಿಕ್ಕದಾದ್ರೆ ನೀಲಿ, ದೊಡ್ಡದಾದ್ರೆ ಕೆಂಪು. 2023ರ ರಸಾಯನಶಾಸ್ತ್ರದ ನೊಬೆಲ್ ಇದಕ್ಕೇ ಬಂದಿದ್ದು. ಇನ್ನು ಚಿನ್ನದ ಕಣದ ಮೇಲೆ ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನುಗಳೆಲ್ಲ ಒಟ್ಟಿಗೆ ತೂಗಾಡುತ್ತವೆ. ಅದೇ ಪ್ಲಾಸ್ಮಾನ್. ಎರಡನ್ನೂ ಜೋಡಿಸುವಾಗ ಕಷ್ಟ ಇರೋದು ಅಂತರದಲ್ಲಿ. ಡಾಟ್ ಚಿನ್ನಕ್ಕೆ ತಾಗಿದ್ರೆ ಬೆಳಕಾಗಬೇಕಾದ ಶಕ್ತಿ ಶಾಖವಾಗಿ ಹೋಗುತ್ತೆ, ದೂರ ಇಟ್ರೆ ಉಪಯೋಗವಿಲ್ಲ. ಸುಮಾರು 10 ನ್ಯಾನೋಮೀಟರ್ ಆಸುಪಾಸಿನಲ್ಲಿ ಬೆಳಕು ಹೆಚ್ಚುತ್ತೆ. ವಿನ್ಯಾಸ ಅಂದ್ರೆ ಹೆಚ್ಚುಕಮ್ಮಿ ಈ ಜಾಗ ಹುಡುಕೋದೇ.

ಈಗ ನನ್ನ ತಕರಾರು ಕೇಳಿ. ದ್ವಿತೀಯ ಪಿಯು ಭೌತಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ 15ನೇ ಅಧ್ಯಾಯ ಅಂತ ಒಂದಿತ್ತು: ಸಂವಹನ ವ್ಯವಸ್ಥೆ. ಕೋವಿಡ್ ನಂತರ ಹೊರೆ ಇಳಿಸೋ ಹೆಸರಲ್ಲಿ ತೆಗೆದುಬಿಟ್ರು. ನಾವೂ ಖುಷಿಪಟ್ವಿ, ಒಂದು ಅಧ್ಯಾಯ ಕಮ್ಮಿ ಆಯ್ತಲ್ಲ ಅಂತ. ಆದರೆ ಆಂಟೆನಾ ತರಂಗಾಂತರದ ಕಾಲುಭಾಗದಷ್ಟಾದರೂ ಇರಬೇಕು ಅನ್ನೋ ಮಾತು ಇದ್ದದ್ದು ಅಲ್ಲೇ. ಎಫ್‌ಎಂ ಅಲೆ ಸುಮಾರು 3 ಮೀಟರ್, ಆಂಟೆನಾ 75 ಸೆಂಟಿಮೀಟರ್. ಹಸಿರು ಬೆಳಕು ಸುಮಾರು 530 ನ್ಯಾನೋಮೀಟರ್, ಆಂಟೆನಾ 130ರ ಹತ್ತಿರ. (ಚಿನ್ನದಲ್ಲಿ ಈ ಲೆಕ್ಕ ಪೂರ್ತಿ ನಿಲ್ಲಲ್ಲ. ಬೆಳಕು ಲೋಹದೊಳಕ್ಕೂ ನುಗ್ಗೋದರಿಂದ ಅಲೆ ಕುಗ್ಗುತ್ತೆ, ಕಡ್ಡಿ ಇನ್ನೂ ಗಿಡ್ಡ ಬೇಕು.) ಮಾಳಿಗೆಯಿಂದ ನ್ಯಾನೋ ಲ್ಯಾಬಿಗೆ ಹೋಗೋಕೆ ಹಳ್ಳಿ ಕಾಲೇಜಿನ ಹುಡುಗ ಹುಡುಗಿಯರಿಗೆ ಇದ್ದ ಏಣಿ ಅದು. ಅದನ್ನೇ ತೆಗೆದು ಹೊರೆ ಇಳಿಸಿದ್ವಿ ಅಂದ್ರೆ ನಾನಂತೂ ಒಪ್ಪಲ್ಲ.

'ಅದೆಲ್ಲ ಫಾರಿನ್ನಿನವರಿಗೆ ಬಿಡಪ್ಪ' ಅಂತೀರಾ? ಬೆಂಗಳೂರಿನ ಐಐಎಸ್‌ಸಿ ಭೌತಶಾಸ್ತ್ರ ವಿಭಾಗದಲ್ಲಿ ಜಯದೀಪ್ ಬಸು ಅವರ ತಂಡ ಚಿನ್ನದ ಕಣ ಮತ್ತು ಕ್ವಾಂಟಮ್ ಡಾಟ್ ಜೋಡಿಯ ಮೇಲೆ ಕೆಲಸ ಮಾಡಿದೆ. ಅದೇ ಐಐಎಸ್‌ಸಿಯ ಇನ್ನೊಂದು ಕ್ಯಾಂಪಸ್ ನಮ್ಮದೇ ಜಿಲ್ಲೆಯ ಚಳ್ಳಕೆರೆ ಹತ್ತಿರ, ಕುದಾಪುರದಲ್ಲಿದೆ. ಚಿನ್ನದ ಕಡ್ಡಿ ಕೆತ್ತೋಕೆ ದೊಡ್ಡ ಲ್ಯಾಬ್ ಬೇಕು, ನಿಜ. ಆದರೆ ಅದಕ್ಕೂ ಮುಂಚಿನ ಲೆಕ್ಕಕ್ಕೆ ಎಂಐಟಿಯಲ್ಲಿ ಹುಟ್ಟಿದ 'ಮೀಪ್' ಅನ್ನೋ ಉಚಿತ ಸಾಫ್ಟ್‌ವೇರ್ ಇದೆ. ಸಣ್ಣ ಮಾದರಿ ಮಾಮೂಲಿ ಲ್ಯಾಪ್‌ಟಾಪಲ್ಲೇ ಓಡುತ್ತೆ.

ಹಳೇ ಪುಸ್ತಕ ಸೀನಿಯರ್ಸ್ ಹತ್ರ ಇರುತ್ತೆ, ರದ್ದಿಗೆ ಹಾಕೋ ಮುಂಚೆ ಇಸ್ಕೊಳ್ಳಿ. ಫಿಸಿಕ್ಸ್ ಮೇಷ್ಟ್ರನ್ನ ಆ ಅಧ್ಯಾಯಕ್ಕೆ ಒಂದು ಪೀರಿಯಡ್ ಕೇಳಿ. 'ಪರೀಕ್ಷೆಗೆ ಬರಲ್ಲ' ಅಂದ್ರೆ, ಗೊತ್ತು ಸಾರ್ ಅನ್ನಿ.

ಭಾಗ 5ರಲ್ಲಿ ಮೀಪ್‌ನಲ್ಲಿ ಮೊದಲ ಚಿನ್ನದ ಕಣ. ಲ್ಯಾಪ್‌ಟಾಪ್ ಇಲ್ಲದವರು ಕಾಮೆಂಟಲ್ಲಿ ಹೇಳಿ, ಕಾಲೇಜ್ ಲ್ಯಾಬಲ್ಲಿ ಕೂತು ಮಾಡೋಣ.

#ಸಿರಿಗೆರೆ #ಕನ್ನಡದಲ್ಲಿವಿಜ್ಞಾನ #ನ್ಯಾನೋಆಂಟೆನಾ