ಕನ್ನಡದ ಹಾಡಿಗೆ ಮಾತ್ರ ಯಂತ್ರ ಯಾಕೆ?

ಸಂಪಾದಕರೇ,

ಆಂಧ್ರದ ಹಿಂದೂಪುರದ ನಮ್ಮ ಕ್ರೈಸ್ತ ಸಭೆಯ ಕೊಯ್ಲಿನ ಹಬ್ಬದ ವರದಿಯನ್ನು ತಮ್ಮ ಗಡಿನಾಡ ಪುಟದಲ್ಲಿ ಓದಿದೆ. ಐದೇ ನಿಮಿಷದಲ್ಲಿ ಆರಾಧನಾ ಗೀತೆ ಸಿದ್ಧವಾಯಿತೆಂದು ದಪ್ಪಕ್ಷರದ ತಲೆಬರಹ ಕೊಟ್ಟು, ಕೃತಕ ಬುದ್ಧಿಮತ್ತೆಯ ಕೈಯಲ್ಲಿ ಕನ್ನಡ ಹಾಡು ಬರೆಸಿ, ಅದರ ಕೈಯಲ್ಲೇ ರಾಗವನ್ನೂ ಹಾಕಿಸಿದ ಹುಡುಗರನ್ನು ಹೊಗಳಿದ್ದೀರಿ. ಅವರ ಮಾತು ಹಾಕಿದ್ದೀರಿ, ಫೋಟೊ ಹಾಕಿದ್ದೀರಿ. ಆ ಹಾಡು ಬಂದಾಗ ಬಾಯಿ ತೆರೆಯಲಾಗದೆ ಬೆಂಚಿನ ಹತ್ತಿರ ಸುಮ್ಮನೆ ನಿಂತವರನ್ನು ಮಾತ್ರ ಯಾರೂ ಮಾತಾಡಿಸಲಿಲ್ಲ. ಅವರಲ್ಲಿ ನಾನೂ ಒಬ್ಬಳು. ಅದಕ್ಕೇ ಈ ಕಾಗದ.

ಆವತ್ತು ನಾಲ್ಕು ಹಾಡುಗಳಿದ್ದವು. ಮೂರು ತೆಲುಗು, ಒಂದು ಕನ್ನಡ. ತೆಲುಗಿನ ಹಾಡುಗಳು ಆಂಧ್ರ ಕ್ರೈಸ್ತವ ಕೀರ್ತನೆಗಳ ಪುಸ್ತಕದವು. ಆ ಪುಸ್ತಕದಲ್ಲಿ ಹಾಡಿನ ಜೊತೆಗೆ ರಾಗ, ತಾಳ, ಬರೆದವರ ಹೆಸರು ಎಲ್ಲ ಇರುತ್ತದೆ. ಕನ್ನಡ ಹಾಡಿನ ಕೆಳಗೆ ಆರಾಧನೆಯ ಹಾಳೆಯಲ್ಲಿ ‘ಗಾಯನ ತಂಡ’ ಎಂದಿತ್ತು. ಅದು ಗಾಯನ ತಂಡದ್ದಲ್ಲ, ಮೊಬೈಲಿನ ಆಪ್ ಮಾಡಿಕೊಟ್ಟದ್ದು ಎಂಬುದು ನಮಗೆ ಗೊತ್ತಾದದ್ದು ತಮ್ಮ ಪತ್ರಿಕೆಯಿಂದ. ಸಭೆಯವರಿಗೆ ಹೇಳದ ವಿಷಯವನ್ನು ವರದಿಗಾರರಿಗೆ ಹೇಳಿದ್ದಾರೆ. ದೇವರ ಮುಂದೆ ನಿಂತು ಹಾಡುವ ಹಾಡು ಯಾರದ್ದೆಂದು ಹಾಡುವವರಿಗೇ ಮರೆಮಾಚುವುದು ಯಾವ ಪದ್ಧತಿ?

ಹಾಡಿನ ವಿಷಯಕ್ಕೆ ಬರುತ್ತೇನೆ. ಬಲಿಪೀಠದ ಮುಂದೆ ರಾಗಿತೆನೆ ಇತ್ತು, ಹುಣಸೆಹಣ್ಣಿನ ಬುಟ್ಟಿ ಇತ್ತು, ಬೇರಿನ ಮಣ್ಣು ಇನ್ನೂ ಉದುರದ ಕಡಲೆಕಾಯಿ ಗಿಡದ ಕಟ್ಟು ಇತ್ತು, ಹರಾಜಿಗೆಂದು ಕಾಲು ಕಟ್ಟಿದ ನಾಟಿ ಕೋಳಿ ಇತ್ತು. ಪರದೆಯ ಮೇಲೆ ಬಂದ ಹಾಡಿನಲ್ಲಿ ಇದ್ದದ್ದು ಗೋಧಿ ಹೊಲ, ಹಿಮದ ಬೆಟ್ಟ, ಸಮುದ್ರದ ಅಲೆ. ಕಣಜ ತುಂಬಿ ತುಳುಕಿದೆ, ಕೊರತೆಯೆಂಬುದೇ ಇಲ್ಲ ಎಂದು ಎರಡನೆಯ ಚರಣ. ನನ್ನ ಪಕ್ಕದಲ್ಲಿ ನಿಂತಿದ್ದ ಕಲ್ಯಾಣದುರ್ಗದ ಕಡೆಯ ಅಜ್ಜಿಯ ಮನೆಯಲ್ಲಿ ಈ ಸಲ ಕಡಲೆಕಾಯಿ ಪೂರ್ತಿ ಕೈಕೊಟ್ಟಿದೆ, ಬಿತ್ತನೆಗೆ ಹಾಕಿದ ದುಡ್ಡೂ ಹುಟ್ಟಿಲ್ಲ. ಆಕೆ ಸೆರಗಿನಲ್ಲಿ ಒಂದಿಷ್ಟು ಹುರುಳಿ ಕಟ್ಟಿಕೊಂಡು ಬಂದು ಕಾಣಿಕೆ ಇಟ್ಟಿದ್ದರು. ಕಲ್ಯಾಣದುರ್ಗದ ಹೊಲಗಳನ್ನು ಒಂದು ಮುಂಗಾರಿನಲ್ಲಾದರೂ ಕಂಡವರು ಆ ಅಜ್ಜಿಯ ಬಾಯಲ್ಲಿ ಆ ಚರಣ ಹಾಡಿಸುತ್ತಿರಲಿಲ್ಲ. ಬೆಳೆ ಬಾರದ ವರ್ಷವೂ ದೇವರನ್ನು ಸ್ತುತಿಸುವ ಹಾಡು ಬೇರೆಯೇ ಇರುತ್ತದೆ. ಅದು ನಮ್ಮ ಹಿರಿಯರಿಗೆ ಬರುತ್ತಿತ್ತು. ಬರಗಾಲದ ಜಿಲ್ಲೆಯಲ್ಲಿ ಬದುಕಿದವರಿಗೆ ಬರಲೇಬೇಕಿತ್ತು.

ಇನ್ನು ಹಾಡುವ ರೀತಿ. ಪದದ ನಟ್ಟನಡುವೆ ತಾಳ ಕಡಿಯುತ್ತದೆ, ದೀರ್ಘವಿದ್ದಲ್ಲಿ ಮೊಟಕು, ಮೊಟಕು ಇದ್ದಲ್ಲಿ ಎಳೆತ. ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲ. ಯಂತ್ರಕ್ಕೆ ಉಸಿರು ಬೇಡ, ನಮಗೆ ಬೇಕು. ಅಕ್ಷರ ಬಾರದ ಆ ಅಜ್ಜಿಗೆ ಹಳೆಯ ಕನ್ನಡ ಸಂಗೀತಗಳು ಪಲ್ಲವಿಯಿಂದ ಕೊನೆಯ ಚರಣದವರೆಗೆ ಬಾಯಿಪಾಠ. ಎಷ್ಟೋ ಸಲ ಹಾರ್ಮೋನಿಯಂ ನುಡಿಸುವವರು ಬಾರದಿದ್ದಾಗ ಆಕೆಯೇ ಶುರು ಮಾಡಿ ಇಡೀ ಸಭೆಯನ್ನು ಹಾಡಿಸಿದ್ದಾರೆ. ಆವತ್ತು ಕೈಕಟ್ಟಿ ನಿಂತಿದ್ದರು.

ನನಗೆ ಎಲ್ಲಕ್ಕಿಂತ ನೋವಾದದ್ದು ಬೇರೆ. ತೆಲುಗಿನ ಹಾಡನ್ನು ಯಂತ್ರದ ಕೈಯಲ್ಲಿ ಬರೆಸಲಿಲ್ಲ. ಬರೆಸುವ ಯೋಚನೆಯೂ ಯಾರಿಗೂ ಬರಲಿಲ್ಲ. ಕೀರ್ತನಕಾರ ಪುರುಷೋತ್ತಮ ಚೌಧರಿಯವರ (1803–1890) ಕಾಲದಿಂದ ಬಂದ ಕೀರ್ತನೆಗಳ ಪಕ್ಕದಲ್ಲಿ ಯಂತ್ರದ್ದೊಂದನ್ನು ಇಟ್ಟಿದ್ದರೆ ಅಲ್ಲಿಯೇ ಗಲಾಟೆ ಆಗುತ್ತಿತ್ತು. ಕನ್ನಡಕ್ಕಾದರೆ ನಡೆಯುತ್ತದೆ, ಯಾರು ಕೇಳುತ್ತಾರೆ ಎಂಬ ಧೈರ್ಯ. ನನಗೆ ತೆಲುಗಿನ ಮೇಲೆ ಯಾವ ಸಿಟ್ಟೂ ಇಲ್ಲ. ನಮ್ಮ ಮನೆಯಲ್ಲಿ ಸೊಸೆ ತೆಲುಗಿನವಳು, ಮೊಮ್ಮಕ್ಕಳು ಎರಡೂ ಮಾತಾಡುತ್ತಾರೆ. ನಾನು ಕೇಳುವುದು ಒಂದೇ: ಒಂದು ಭಾಷೆಯ ಸ್ತುತಿಗೆ ಮನುಷ್ಯರು, ಇನ್ನೊಂದು ಭಾಷೆಯ ಸ್ತುತಿಗೆ ಯಂತ್ರ, ಈ ಭೇದ ಯಾಕೆ?

ಕನ್ನಡದಲ್ಲಿ ಬರೆಯುವವರು ಸಿಗಲಿಲ್ಲ ಎಂದು ತಮ್ಮ ವರದಿಯಲ್ಲಿ ಹೇಳಿಕೆ ಇದೆ. ಯಾರನ್ನು ಕೇಳಿದರು? ಇದೇ ಸಭೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರುಗಳಿದ್ದಾರೆ. ಮಡಕಶಿರಾ ಕಡೆಯಿಂದ ಬಂದು ನೆಲೆಸಿದ ಮನೆಗಳಿವೆ, ಅಲ್ಲಿ ಸೋಬಾನೆ ಪದ ಕಟ್ಟುವ ಹೆಂಗಸರಿದ್ದಾರೆ. ಅವರ ಬಾಗಿಲಿಗೆ ಯಾರೂ ಹೋಗಲಿಲ್ಲ, ಆರಾಧನೆಯಲ್ಲಿ ಒಂದು ಪ್ರಕಟಣೆಯೂ ಆಗಲಿಲ್ಲ. ಹುಡುಕದೆ ಇದ್ದವರು ಸಿಗಲಿಲ್ಲ ಅನ್ನಬಾರದು.

ಈ ನೆಲದಲ್ಲಿ ಕನ್ನಡದಲ್ಲಿ ದೇವರ ವಾಕ್ಯ ಬರಲು ಜನ ಎಷ್ಟು ಪಾಡುಪಟ್ಟರು ಎಂಬುದು ನಮ್ಮ ಹುಡುಗರಿಗೆ ಗೊತ್ತಿರಬೇಕು. ಬೈಬಲನ್ನು ಕನ್ನಡಕ್ಕೆ ತಂದ ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದವರು. ಕನ್ನಡ ಬೈಬಲ್ ಪೂರ್ತಿಯಾಗಿ ಹೊರಬಂದದ್ದು 1831ರಲ್ಲಿ. ಎರಡು ದಶಕದ ಕೆಲಸ ಅದು. ನಮ್ಮ ಊರು 2022ರವರೆಗೆ ಸೇರಿದ್ದ ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದೇ 1882ರಲ್ಲಿ, ಆದ್ದರಿಂದ ಅದು ನಮ್ಮದೇ ನೆಲದ ಕಥೆ. ಮಿಷನರಿ ಕಿಟ್ಟೆಲ್ ಅವರು 1853ರಲ್ಲಿ ಜರ್ಮನಿಯಿಂದ ಬಂದು ಕನ್ನಡ ಕಲಿತರು. ಕಲಿತು ಸುಮ್ಮನಾಗಲಿಲ್ಲ. ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹಾಡಬೇಕೆಂದು 1862ರಲ್ಲಿ ‘ಕಥಾಮಾಲೆ’ ಬರೆದರು. 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಅಚ್ಚುಹಾಕಿಸಿದರು. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಪರದೇಶದವರೊಬ್ಬರು ನಮ್ಮ ಮಾತ್ರೆ, ಗಣ, ಪ್ರಾಸಗಳಿಗಾಗಿ ಆಯಸ್ಸು ತೇಯ್ದರು. ಇಲ್ಲೇ ಹುಟ್ಟಿ ಬೆಳೆದ ನಮಗೆ ಹಬ್ಬಕ್ಕೆ ಒಂದು ಹಾಡು ಕಟ್ಟಲು ಒಂದು ಸಂಜೆ ಇಲ್ಲ.

ಉತ್ತಂಗಿ ಚನ್ನಪ್ಪನವರನ್ನೂ ನೆನೆಯುತ್ತೇನೆ. ಸಭಾಪಾಲಕರಾಗಿದ್ದವರು. ಹಳ್ಳಿಹಳ್ಳಿ ತಿರುಗಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಕನ್ನಡ ಕ್ರೈಸ್ತರೆಂದರೆ ಅಂಥವರ ವಂಶ. ನಮಗೆ ಹಾಡು ಬರೆಯುವ ತಾಕತ್ತಿಲ್ಲ ಎಂದು ಯಾರಾದರೂ ಹೇಳಿದರೆ ಹೇಗೆ ಸಹಿಸುವುದು?

ಬರೆಯಲು ಕೂತ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಮೊದಲು ತಿಂಗಳ ಕೊನೆಯ ಭಾನುವಾರ ಸಂಜೆ ಕನ್ನಡ ಆರಾಧನೆ ಇತ್ತು. ಅದನ್ನು ಮಧ್ಯಾಹ್ನಕ್ಕೆ ಹಾಕಿದರು. ಬಿಸಿಲಿಗೆ ಮುದುಕರು ಬರಲಿಲ್ಲ. ಬರುವವರಿಲ್ಲ ಎಂದು ನಿಲ್ಲಿಸಿಯೇಬಿಟ್ಟರು. ಕನ್ನಡ ಸಂಗೀತ ಪುಸ್ತಕಗಳು ಹಿಂದಿನ ಕೋಣೆಯ ಬೀರುವಿನಲ್ಲಿವೆ, ಅರ್ಧಕ್ಕರ್ಧ ಗೆದ್ದಲು ತಿಂದಿದೆ. ಹೊಸದಾಗಿ ತರಿಸಲು ದುಡ್ಡಿಲ್ಲ ಎಂದವರು ಆಳೆತ್ತರದ ಸ್ಪೀಕರುಗಳನ್ನು ತರಿಸಿದ್ದಾರೆ. ಕೀಬೋರ್ಡಿನ ತಾಳದ ಅಬ್ಬರದಲ್ಲಿ ಪಕ್ಕದವರ ದನಿಯೂ ಕೇಳುವುದಿಲ್ಲ, ನಮ್ಮ ದನಿ ನಮಗೇ ಕೇಳುವುದಿಲ್ಲ. ಕಲ್ಯಾಣದುರ್ಗದಲ್ಲಿ ನನ್ನ ತವರಿನ ಸಭೆಯಲ್ಲೂ ಇದೇ ಶುರುವಾಗಿದೆ ಎಂದು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದಳು. ಕ್ರಿಸ್‌ಮಸ್‌ಗೆ ಅಲ್ಲಿಯೂ ಯಂತ್ರದ ಕನ್ನಡ ಹಾಡಂತೆ. ಮೊದಲು ಕನ್ನಡದ ಆರಾಧನೆ ನಿಲ್ಲಿಸುವುದು, ಆಮೇಲೆ ಪುಸ್ತಕ ಮುಚ್ಚುವುದು, ಕೊನೆಗೆ ಬರೆಯುವವರೇ ಇಲ್ಲವೆಂದು ಯಂತ್ರವನ್ನು ಕೂರಿಸುವುದು. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಗಡಿಯಲ್ಲಿರುವ ನಮಗೆ ಬೇರೆಯವರು ಹೇಳಿಕೊಡಬೇಕಿಲ್ಲ.

ಹೊರದೇಶಗಳಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಿದ್ದಾರೆ ಎಂದು ಕೆಲವರು ನನ್ನ ಬಾಯಿ ಮುಚ್ಚಿಸಲು ನೋಡಿದರು. ಜರ್ಮನಿಯ ಫ್ಯೂರ್ತ್ ಊರಿನ ಸಂತ ಪೌಲರ ಚರ್ಚಿನಲ್ಲಿ 2023ರ ಜೂನ್ 9ರಂದು ಚಾಟ್‌ಜಿಪಿಟಿ ಸಿದ್ಧಪಡಿಸಿದ ಆರಾಧನೆ ನಡೆದದ್ದು ನಿಜ. ಮುನ್ನೂರಕ್ಕೂ ಹೆಚ್ಚು ಜನ ಸೇರಿದ್ದರು. ಆದರೆ ಇದು ಯಂತ್ರದ್ದು, ಪ್ರಯೋಗಕ್ಕಾಗಿ ಮಾಡುತ್ತಿದ್ದೇವೆ ಎಂದು ಅಲ್ಲಿ ಮೊದಲೇ ಸಾರಿದ್ದರು. ಅಷ್ಟಾದರೂ ಇದರಲ್ಲಿ ಜೀವವಿಲ್ಲ ಎಂದು ಬೇಸರಪಟ್ಟವರಿದ್ದರು. ಅಮೆರಿಕದಲ್ಲಿ 2025ರ ನವೆಂಬರಿನಲ್ಲಿ ಸಾಲೊಮನ್ ರೇ ಎಂಬ ಯಂತ್ರ ಗಾಯಕನ ಭಕ್ತಿಗೀತೆಗಳು ಮಾರಾಟದ ಪಟ್ಟಿಯ ತುದಿಗೇರಿದವು. ಕೂಡಲೇ ಅಲ್ಲಿನ ಕ್ರೈಸ್ತ ಗಾಯಕರೇ ವಿರೋಧಿಸಿದರು. ಅಲ್ಲಿ ವಾದವಾದರೂ ನಡೆಯುತ್ತಿದೆ. ನಮ್ಮಲ್ಲಿ ವಾದಕ್ಕೂ ಎಡೆ ಕೊಡದೆ ಹಾಡು ಪರದೆಯ ಮೇಲೆ ಬಂದುಬಿಟ್ಟಿತು.

ಹಾರ್ಮೋನಿಯಂ ಕೂಡ ಯಂತ್ರವೇ ಅಲ್ಲವೇ ಎಂದು ನಮ್ಮ ಸಭೆಯ ಸಮಿತಿಯ ಒಬ್ಬರು ಕೇಳಿದರು. ಹಾರ್ಮೋನಿಯಂ ಯಾವತ್ತೂ ನನ್ನ ಬದಲು ದೇವರೊಂದಿಗೆ ಮಾತಾಡಿಲ್ಲ. ಬೈಬಲಿನ ಕೀರ್ತನೆಗಳನ್ನೇ ತೆಗೆದು ನೋಡಲಿ. ಎಷ್ಟೋ ಕೀರ್ತನೆಗಳ ತಲೆಯಲ್ಲಿ ದಾವೀದನದು, ಆಸಾಫನದು, ಕೋರಹೀಯರದು ಎಂದು ಹೆಸರಿದೆ. ಮೂರನೆಯ ಕೀರ್ತನೆಯ ಮೇಲೆ, ದಾವೀದ ತನ್ನ ಮಗ ಅಬ್ಷಾಲೋಮನಿಗೆ ಹೆದರಿ ಓಡಿಹೋದಾಗಿನದು ಎಂದು ಸಂದರ್ಭವೂ ಇದೆ. ಐವತ್ತೊಂದನೆಯದರ ಮೇಲೆ ಆತನ ಪಾಪದ ಸಂಗತಿಯೇ ಇದೆ. ಹಾಡಿದವನ ತಪ್ಪು, ಭಯ, ಸಂಕಟ ಎಲ್ಲ ಅಲ್ಲಿ ಬಯಲಾಗಿದೆ, ಆದ್ದರಿಂದಲೇ ಇಷ್ಟು ಕಾಲವಾದ ಮೇಲೂ ನಾವು ಅದನ್ನು ನಮ್ಮ ಕಷ್ಟಕ್ಕೆ ಹಾಡಿಕೊಳ್ಳುತ್ತೇವೆ. ಯಂತ್ರ ಯಾವ ಮಗನನ್ನು ಕಳೆದುಕೊಂಡಿದೆ, ಯಾವ ಪಾಪಕ್ಕೆ ಕ್ಷಮೆ ಬೇಡಿದೆ? ಬೇರೆಯವರು ಅತ್ತು ಬರೆದದ್ದನ್ನು ಸಾವಿರಾರು ಕಡೆಯಿಂದ ಕಲಿತು ಅದೇ ಅಳುವನ್ನು ಹೆಣೆದು ಕೊಡುತ್ತದೆ. ಹೀಗೆ ಅನುಮತಿಯಿಲ್ಲದೆ ಹಾಡುಗಳನ್ನು ಬಳಸಿದವೆಂದು ಸುನೊ, ಉಡಿಯೊ ಎಂಬ ಹಾಡು ಮಾಡುವ ಕಂಪನಿಗಳ ಮೇಲೆ 2024ರ ಜೂನ್‌ನಲ್ಲಿ ಅಮೆರಿಕದ ದೊಡ್ಡ ಸಂಗೀತ ಸಂಸ್ಥೆಗಳು ದಾವೆ ಹೂಡಿದವು. ಅಂಥ ತಕರಾರಿನ ಸಾಮಾನನ್ನು ಕಾಣಿಕೆಯೆಂದು ಬಲಿಪೀಠದ ಮುಂದೆ ಇಡಬಹುದೇ? ನಮ್ಮ ಸಭಾಪಾಲಕರಾದ ಅಯ್ಯನವರು ಇದಕ್ಕೆ ಉತ್ತರ ಕೊಡಬೇಕು.

ಹುಡುಗರ ಮೇಲೆ ನನಗೆ ದ್ವೇಷವಿಲ್ಲ. ನಮ್ಮ ಮಕ್ಕಳೇ ಅವರು. ಅವರನ್ನು ಒಂದು ಸಂಜೆ ಆ ಅಜ್ಜಿಯ ಹತ್ತಿರ ಕೂರಿಸಿದ್ದರೆ ನಾಲ್ಕು ಹಳೆಯ ಹಾಡು ಕಲಿಯುತ್ತಿದ್ದರು, ಐದನೆಯದನ್ನು ತಾವೇ ಕಟ್ಟುತ್ತಿದ್ದರು. ಪ್ರಾಸ ತಪ್ಪಿದ್ದರೂ ಬಾಯಿತುಂಬ ಹಾಡುತ್ತಿದ್ದೆವು.

ಸಮಿತಿಯವರಲ್ಲಿ ನನ್ನ ಒತ್ತಾಯ ಇಷ್ಟು. ಆ ಹಾಳೆಯಲ್ಲಿ ‘ಗಾಯನ ತಂಡ’ ಎಂದು ಹಾಕಿದ್ದು ಸುಳ್ಳು ಎಂದು ಮುಂದಿನ ಭಾನುವಾರದ ಆರಾಧನೆಯಲ್ಲೇ ತಿಳಿಸಲಿ. ಯಂತ್ರದ ಹಾಡನ್ನು ಆರಾಧನೆಯಿಂದ ತೆಗೆಯಲಿ. ಕನ್ನಡ ಆರಾಧನೆಯನ್ನು ಮೊದಲಿನಂತೆ ಸಂಜೆಗೆ ತರಲಿ, ಸಂಗೀತ ಪುಸ್ತಕಗಳನ್ನು ಬೀರುವಿನಿಂದ ಹೊರಗೆ ತೆಗೆಯಲಿ. ಪುಸ್ತಕಗಳಿಗೆ ಹೊಸ ಬೈಂಡಿಂಗ್ ಹಾಕಿಸುವ ಖರ್ಚಿನಲ್ಲಿ ನನ್ನ ಪಾಲು ಕೊಡಲು ಸಿದ್ಧಳಿದ್ದೇನೆ.

ತಮ್ಮಲ್ಲಿಯೂ ಒಂದು ಬೇಡಿಕೆ. ಹುಡುಗರ ಫೋಟೊ ಹಾಕಿದ ಅದೇ ಪುಟದಲ್ಲಿ, ಅಷ್ಟೇ ಜಾಗ ಕೊಟ್ಟು ಈ ಪತ್ರವನ್ನು ಪ್ರಕಟಿಸಿ. ಸಭೆಯವರೆಲ್ಲ ಸಂತೋಷದಿಂದ ಹಾಡಿದರು ಎಂದು ವರದಿಯ ಕೊನೆಯಲ್ಲಿ ಬರೆದಿದ್ದೀರಿ. ಅದು ನಿಜವಲ್ಲ, ಆ ಸಾಲಿಗೆ ತಿದ್ದುಪಡಿ ಹಾಕಿ.

ಇಂತಿ,
ಹಿಂದೂಪುರದ ಕನ್ನಡ ಸಭಿಕರಲ್ಲಿ ಒಬ್ಬಳು