ಇಸ್ಪೀಟು ಎಲೆ ಕಲಿಸುವ ಎಚ್ಚರ

ಜಾದೂಗೆ ಕನ್ನಡದಲ್ಲಿ 'ಕಣ್ಕಟ್ಟು' ಎಂಬ ಹೆಸರಿದೆ, 'ಕೈಚಳಕ' ಎಂದೂ ಹೇಳುತ್ತೇವೆ. ಎರಡು ವರ್ಷದಿಂದ ಎಲೆಕ್ಟ್ರಾನಿಕ್ ಸಿಟಿ ಬಳಿಯ ಹಾಸ್ಟೆಲಿನಲ್ಲಿ ಇಸ್ಪೀಟು ಎಲೆಗಳ ಜಾದೂ ಅಭ್ಯಾಸ ಮಾಡುತ್ತಿರುವ ನನಗೆ ಈ ಎರಡೂ ಪದಗಳು ಅರ್ಧ ಸತ್ಯವನ್ನಷ್ಟೇ ಹೇಳುತ್ತವೆ ಅನ್ನಿಸುತ್ತದೆ. ನೋಡುವವರ ಕಣ್ಣು ತೆರೆದೇ ಇರುತ್ತದೆ. ಕೈ ಕೂಡ ಅಷ್ಟೇನೂ ವೇಗವಾಗಿ ಓಡುವುದಿಲ್ಲ. ಮೋಸ ಹೋಗುವುದು ಗಮನ.

ಎಲೆಗಳ ಕಟ್ಟಿನ ಮೇಲಿನ ಎರಡು ಎಲೆಗಳನ್ನು ಒಂದೇ ಎಲೆ ಎಂಬಂತೆ ಎತ್ತಿ ತೋರಿಸುವ 'ಡಬಲ್ ಲಿಫ್ಟ್' ಈ ಕಲೆಯ ಮೊದಲ ಪಾಠಗಳಲ್ಲೊಂದು. ಅದಕ್ಕಾಗಿ ಆ ಎರಡು ಎಲೆಗಳನ್ನು ಬೆರಳ ತುದಿಯಿಂದ ಮೊದಲೇ ಬೇರ್ಪಡಿಸಿ ಹಿಡಿದಿರಬೇಕು. ಹೊಸಬರು ಆ ಕ್ಷಣದಲ್ಲಿ ಮಾತು ನಿಲ್ಲಿಸಿ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ. ಎದುರಿನವರೂ ಅಲ್ಲೇ ನೋಡುತ್ತಾರೆ, ಗುಟ್ಟು ರಟ್ಟಾಗುತ್ತದೆ. ಅದೇ ಹೊತ್ತಿಗೆ ಮುಖವೆತ್ತಿ, "ನೀವು ಆರಿಸಿದ ಎಲೆ ನೆನಪಿದೆಯಲ್ವಾ?" ಎಂದು ಕೇಳಿ ನೋಡಿ. ಅವರು ನಿಮ್ಮ ಮುಖ ನೋಡಿ ಉತ್ತರಿಸುತ್ತಾರೆ. ಬೆರಳಿಗೆ ಆ ಒಂದು ಸೆಕೆಂಡ್ ಸಾಕು.

ಇನ್ನೆರಡು ಸೂತ್ರಗಳಿವೆ. ಮೊದಲನೆಯದು, ದೊಡ್ಡ ಚಲನೆ ಸಣ್ಣ ಚಲನೆಯನ್ನು ಮುಚ್ಚುತ್ತದೆ. ಪೆನ್ನು ಎತ್ತಿಕೊಳ್ಳಲು ಕೈ ಚಾಚಿದಾಗ, ಅದೇ ಕೈಯ ಬೆರಳುಗಳು ಏನು ಮಾಡಿದವು ಎಂದು ಯಾರೂ ಕೇಳುವುದಿಲ್ಲ. ಎರಡನೆಯದು ಸಮಯದ ಲೆಕ್ಕ. ಆಟ ಮುಗಿಯಿತೆಂದು ಜನ ನಕ್ಕು ಚಪ್ಪಾಳೆ ತಟ್ಟುವಾಗ ಗಮನ ಸಡಿಲವಾಗಿರುತ್ತದೆ. ಮುಂದಿನ ಆಟದ ಕಳ್ಳ ಕೆಲಸ ನಡೆಯುವುದು ಆಗಲೇ.

ಬುದ್ಧಿವಂತರು ಇದಕ್ಕೆ ಬೀಳುವುದಿಲ್ಲ ಎಂದುಕೊಳ್ಳಬೇಡಿ. ಯಾವ ಜಾದೂವನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದ ಹೌಡಿನಿಗೆ, 1922ರಲ್ಲಿ ಷಿಕಾಗೊದಲ್ಲಿ ಡೈ ವರ್ನನ್ ಎಂಬ ಜಾದೂಗಾರ ಒಂದೇ ಎಲೆಯಾಟವನ್ನು ಮತ್ತೆ ಮತ್ತೆ ತೋರಿಸಿದರೂ ಗುಟ್ಟು ಸಿಗಲಿಲ್ಲ. 1999ರಲ್ಲಿ ಪ್ರಕಟವಾದ ಸೈಮನ್ಸ್ ಮತ್ತು ಛಾಬ್ರಿಸ್ ಅವರ ಪ್ರಯೋಗದಲ್ಲಿ, ಬ್ಯಾಸ್ಕೆಟ್‌ಬಾಲ್ ಎಷ್ಟು ಸಲ ಕೈ ಬದಲಾಯಿತೆಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ, ಆಟಗಾರರ ನಡುವೆಯೇ ಹಾದುಹೋದ ಗೊರಿಲ್ಲಾ ವೇಷಧಾರಿ ಕಾಣಲೇ ಇಲ್ಲ. ಅವರು ದಡ್ಡರಲ್ಲ, ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಿದ್ದರು, ಅಷ್ಟೆ.

ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರು ನನ್ನ ಎಲೆಯಾಟಗಳನ್ನು ಸಲೀಸಾಗಿ ಹಿಡಿದುಬಿಡುತ್ತಿದ್ದರು. ಕಳೆದ ವರ್ಷ ಅವರಿಗೆ ವೈಟ್‌ಫೀಲ್ಡ್‌ನ ಕಂಪನಿಯೊಂದರ ಹೆಸರಿನಲ್ಲಿ ಫೋನ್ ಇಂಟರ್‌ವ್ಯೂ ನಡೆಯಿತು. ಕಷ್ಟದ ಪ್ರಶ್ನೆಗಳನ್ನೇ ಕೇಳಿದರು. ಅರ್ಧ ಗಂಟೆಯ ನಂತರ "ಸೆಲೆಕ್ಟ್ ಆಗಿದ್ದೀರಿ, ಅಭಿನಂದನೆ" ಎಂದರು. ಆಮೇಲೆ ಲ್ಯಾಪ್‌ಟಾಪಿಗೆ 12,000 ರೂಪಾಯಿ ಠೇವಣಿ, ಅದೂ ಸಂಜೆಯೊಳಗೆ. ಪೀಣ್ಯದ ಲೇತ್ ವರ್ಕ್‌ಶಾಪಿನಲ್ಲಿ ದುಡಿಯುವ ಅಪ್ಪ ಸಾಲ ತಂದು ಕೊಟ್ಟರು. ಮರುದಿನ ಆ ನಂಬರ್ ಸ್ವಿಚ್ ಆಫ್ ಆಗಿತ್ತು.

ಇದನ್ನು ಎಲೆಯಾಟದ ಪಕ್ಕದಲ್ಲಿಟ್ಟು ನೋಡಿ. ಕಷ್ಟದ ಪ್ರಶ್ನೆಗಳು ಗಮನವನ್ನು ಉತ್ತರದ ಕಡೆಗೆ ಎಳೆದವು. ದೊಡ್ಡ ಪ್ಯಾಕೇಜಿನ ಮುಂದೆ ಸಣ್ಣ ಠೇವಣಿ ಕಾಣದಾಯಿತು. ಹಣ ಕೇಳಿದ್ದು ಅಭಿನಂದನೆ ಹೇಳಿದ ಮೇಲೆ, ಅಂದರೆ ಚಪ್ಪಾಳೆಯ ಹೊತ್ತಿನಲ್ಲಿ. ಮೊದಲ ನಿಮಿಷದಲ್ಲೇ ಕೇಳಿದ್ದರೆ ಅವರು ಫೋನ್ ಇಡುತ್ತಿದ್ದರು. ಒಂದೇ ವ್ಯತ್ಯಾಸವೆಂದರೆ, ಜಾದೂಗಾರ ಮೋಸ ಮಾಡುತ್ತೇನೆಂದು ಮೊದಲೇ ಹೇಳಿರುತ್ತಾನೆ.

"ಇಂಜಿನಿಯರಿಂಗ್ ಓದಿದವನು ಹೇಗೆ ಮೋಸ ಹೋದ?" ಎಂದು ಎಲ್ಲರೂ ಅವರನ್ನೇ ಕೇಳಿದರು. ಈ ಪ್ರಶ್ನೆಯೇ ತಪ್ಪು ಎನ್ನುವುದು ನನ್ನ ವಾದ. ಅದು ಹುಟ್ಟಿಸುವ ನಾಚಿಕೆಯಿಂದ ಹುಡುಗರು ದೂರು ಕೊಡಲು ಹಿಂಜರಿಯುತ್ತಾರೆ, ಅದೇ ಆಟ ಮುಂದಿನವರ ಮೇಲೆ ನಡೆಯುತ್ತದೆ. ಹಣ ಹೋದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚಿರುವುದು ಆರಂಭದ ಹೊತ್ತಿನಲ್ಲೇ.

ಇಂಥ ಎಚ್ಚರವನ್ನು ಕಲಿಸುವ ಪರಂಪರೆ ನಮ್ಮಲ್ಲಿ ಇದ್ದೇ ಇದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದರು. ಹುಲಿಕಲ್ ನಟರಾಜ್ ಪವಾಡಗಳನ್ನು ತಾವೇ ಮಾಡಿ ತೋರಿಸಿ ಅವುಗಳ ಗುಟ್ಟು ಬಿಚ್ಚಿಡುತ್ತಾ ಬಂದಿದ್ದಾರೆ. ನಮ್ಮ ಪ್ಲೇಸ್‌ಮೆಂಟ್ ತರಬೇತಿಗಳಲ್ಲಿ ಆಪ್ಟಿಟ್ಯೂಡ್, ಗ್ರೂಪ್ ಡಿಸ್ಕಷನ್ ಎಲ್ಲ ಇವೆ. ಅದರ ಜೊತೆಗೆ ಒಂದು ಗಂಟೆ, ಒಂದು ಕಟ್ಟು ಎಲೆ ಸಾಕು. ಮೊದಲು ಎಲ್ಲರನ್ನೂ ಮೋಸಗೊಳಿಸಿ, ಆಮೇಲೆ ಅದು ಯಾವ ಕ್ಷಣದಲ್ಲಿ ಆಯಿತೆಂದು ತೋರಿಸಿ. ಯಾರಾದರೂ ಅಭಿನಂದನೆ ಹೇಳಿದಾಗ, ಅವಸರಪಡಿಸಿದಾಗ, "ಈಗ ಇನ್ನೊಂದು ಕೈ ಏನು ಮಾಡುತ್ತಿದೆ?" ಎಂದು ಕೇಳಿಕೊಳ್ಳುವ ಅಭ್ಯಾಸ ನಮಗೆ ಅಲ್ಲಿಂದಲೇ ಶುರುವಾಗಲಿ.