ವೇಷವೂ ಪ್ರೇಮವೂ

ಪ್ರೇಮಕ್ಕಾಗಿ ವೇಷ ಮರೆಸುವ ನಾಟಕವೆಂದೊಡನೆ ಸೊಲ್ಲಾಪುರದ ನಮಗೆ ಮೊದಲು ನೆನಪಾಗುವುದು ಶೇಕ್ಸ್‌ಪಿಯರನಲ್ಲ, ‘ಸಂಗೀತ ಸೌಭದ್ರ’. 1882ರಲ್ಲಿ ಅದನ್ನು ಮರಾಠಿ ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೆಂಬುದನ್ನು ನವಿ ಪೇಠದ ನಾವು ಮರೆತಂತಿದೆ.

ಅಲ್ಲಿ ಅರ್ಜುನನು ಸಂನ್ಯಾಸಿಯ ವೇಷದಲ್ಲಿರುತ್ತಾನೆ. ಬಲರಾಮನು ಕಾವಿಯನ್ನು ನಂಬಿ ತಂಗಿಯನ್ನೇ ಸೇವೆಗೆ ನಿಲ್ಲಿಸುತ್ತಾನೆ. ನಗೆ ಬರುವುದು ನಿಜ. ಆದರೆ ಗುಟ್ಟು ಕೃಷ್ಣನಿಗೆ ಗೊತ್ತು, ಅರ್ಜುನನಿಗೆ ಗೊತ್ತು; ಕಣ್ಣೀರಿಡುವ ಸುಭದ್ರೆಗೆ ಮಾತ್ರ ಗೊತ್ತಿಲ್ಲ.

ಶೇಕ್ಸ್‌ಪಿಯರನ ‘ಆ್ಯಸ್ ಯು ಲೈಕ್ ಇಟ್’ನಲ್ಲಿ ಗುಟ್ಟಿನ ಕೀಲಿಕೈ ಹೆಣ್ಣಿನ ಕೈಯಲ್ಲಿದೆ. ಗಂಡುಡುಗೆ ತೊಟ್ಟ ರೋಸಲಿಂಡಳು, ಮರಮರಕ್ಕೆ ಪದ್ಯ ತೂಗುಹಾಕುವ ಆರ್ಲ್ಯಾಂಡೋನಿಗೆ ಪ್ರೇಮದ ಪಾಠ ಹೇಳುತ್ತಾಳೆ. ವೇಷವು ಅವಳ ಸ್ವಭಾವವನ್ನು ಮುಚ್ಚದೆ ಬಿಚ್ಚಿ ತೋರಿಸುತ್ತದೆ. ಆದರೂ ಆ ಕಾಲದ ಲಂಡನ್ನಿನಲ್ಲಿ ಅವಳ ಪಾತ್ರ ವಹಿಸುತ್ತಿದ್ದವರು ಹುಡುಗರೇ. ನಮ್ಮ ಕಡೆ ಸುಭದ್ರೆಯಾಗಿ ಮೆರೆದವರು ಬಾಲಗಂಧರ್ವರು. ಅವರ ಕಲೆಗೆ ನಾನು ಕೈಮುಗಿಯುವೆ.

ಶಾಲೆಯ ಮಾತು ಬೇರೆ. ಸ್ನೇಹಸಮ್ಮೇಳನದಲ್ಲಿ ಮೀಸೆ ಚಿಗುರುತ್ತಿರುವ ಹುಡುಗನಿಗೆ ಸೀರೆ ಉಡಿಸಿ, ಹಾಡಬಲ್ಲ ಹುಡುಗಿಯನ್ನು ಪ್ರೇಕ್ಷಕರ ಸಾಲಿನಲ್ಲಿ ಕೂಡ್ರಿಸುವ ರೂಢಿಯನ್ನು ಮುಖ್ಯಾಧ್ಯಾಪಕನಾಗಿ ನಾನೂ ನಡೆಸಿದೆನು, ಅದು ತಪ್ಪಾಯಿತು. ಈ ಸುವರ್ಣ ವರ್ಷದಲ್ಲಿ ‘ಸೌಭದ್ರ’ವನ್ನು ಕನ್ನಡದಲ್ಲಿ ಆಡಿಸಿರಿ. ಸುಭದ್ರೆಯ ಪಾತ್ರವಷ್ಟೇ ಅಲ್ಲ, ಅರ್ಜುನನ ಕಾವಿಯನ್ನೂ ಒಬ್ಬ ಹುಡುಗಿಗೇ ಕೊಟ್ಟು ನೋಡಿರಿ.